ಕರೆಯದೆ ಉಳಿದ ಹೆಸರು

ಸಿಡ್ನಿಯ ರೌಸ್ ಹಿಲ್‌ನಲ್ಲಿ ನನ್ನ ಮಗಳು ಅನನ್ಯ ಜಿಮ್ನಾಸ್ಟಿಕ್ಸ್ ಕಲಿಯುವ ಜಾಗ ಮೊದಲು ಯಾವುದೋ ಗೋದಾಮಾಗಿತ್ತಂತೆ. ತಗಡಿನ ಮಾಡು, ಬರಿಯ ಎತ್ತರದ ಗೋಡೆಗಳು, ನೆಲದ ತುಂಬ ನೀಲಿ ಮೆತ್ತೆ. ಶನಿವಾರ ಬೆಳಿಗ್ಗೆ ದಿ ಪಾಂಡ್ಸ್‌ನ ಮನೆಯಿಂದ ಅವಳನ್ನು ಕರೆತಂದು ಬಿಟ್ಟು, ಉಳಿದ ಅಮ್ಮಂದಿರ ಜೊತೆ ಬೆಂಚಿನ ಮೇಲೆ ಕೂತು ಕಾಯುವುದು ನನ್ನ ಪಾಲಿನ ಕೆಲಸ. ಹೋದ ವಾರ ಅನನ್ಯ ಮೊದಲ ಸಲ ಅಡ್ಡಕಂಬಿ ಹಿಡಿಯುವುದಿತ್ತು. ಡಬ್ಬಿಯಲ್ಲಿದ್ದ ಬಿಳಿ ಪುಡಿಯನ್ನು ಕೈ ಜಾರದಿರಲೆಂದು ಅಂಗೈಗೆ ಹಚ್ಚಿಕೊಂಡು ಪಟಪಟ ತಟ್ಟಿದಳು. ಪುಡಿ ಗಾಳಿಯಲ್ಲಿ ತೇಲಿ ನಾನು ಕೂತಲ್ಲಿಗೂ ಬಂತು. ಕಪ್ಪುಹಲಗೆ ಒರೆಸಿದಾಗ ಬರುವಂಥ ಒಣ, ತಣ್ಣನೆಯ ವಾಸನೆ. ಪಕ್ಕದಲ್ಲಿದ್ದವರು ಏನೋ ಕೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಮೆಲ್ಬರ್ನ್‌ನ ಒಂದು ಹಳೆಯ ಹಾಲ್‌ನಲ್ಲಿ, ಆಗಸ್ಟ್ ತಿಂಗಳ ಚಳಿಯಲ್ಲಿ, ಒಬ್ಬ ಮುದುಕಿಯ ಬೆನ್ನ ಹಿಂದೆ ಕೈ ಚಾಚಿ ನಾನು ನಿಂತಿದ್ದೆ.

ಆ ವರ್ಷ ನಮ್ಮ ಸಂಸಾರ ಎರಡು ಊರುಗಳಲ್ಲಿ ಹಂಚಿಹೋಗಿತ್ತು. ನನ್ನ ಗಂಡ ಪ್ರಸನ್ನನಿಗೆ ಸಿಡ್ನಿಯಲ್ಲಿ ಕೆಲಸ, ನನಗೆ ಮೆಲ್ಬರ್ನ್‌ನಲ್ಲಿ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ಎಷ್ಟೋ ವರ್ಷ ದುಡಿದು ಬಂದವಳಾದರೂ, ಇಲ್ಲಿನ ಪರೀಕ್ಷೆಗಳನ್ನು ಮತ್ತೆ ಬರೆದು ಪಾಸಾಗುವ ಹೊತ್ತಿಗೆ ನನ್ನ ಓದೇ ನನಗೆ ಹಳಸಿದಂತೆ ಕಾಣುತ್ತಿತ್ತು. ಕೊನೆಗೂ ಸಿಕ್ಕ ಮೊದಲ ಕೆಲಸ ಬಾಕ್ಸ್ ಹಿಲ್ ಕಡೆಯ ಒಂದು ಆಸ್ಪತ್ರೆಯ ರಿಹ್ಯಾಬ್ ವಾರ್ಡಿನಲ್ಲಿ, ಅದೂ ಪ್ರೊಬೇಷನ್ ಮೇಲೆ. ಬಿಡಲು ಮನಸ್ಸಾಗಲಿಲ್ಲ. ಕಿಂಡರ್‌ಗಾರ್ಟನ್‌ಗೆ ಹೋಗುತ್ತಿದ್ದ ಅನನ್ಯಳನ್ನು ಇಟ್ಟುಕೊಂಡು ಅಪಾರ್ಟ್‌ಮೆಂಟಿನ ಒಂದು ರೂಮಿನಲ್ಲಿ ಉಳಿದೆ. ಮೆಲ್ಬರ್ನ್‌ನ ಚಳಿಗಾಲ ಮೈಸೂರಿನವರಿಗೆ ಅರ್ಥವಾಗುವಂಥದ್ದಲ್ಲ. ಮಳೆ ಬರುತ್ತದೆ, ಆದರೆ ಸುರಿಯುವುದಿಲ್ಲ, ಇಡೀ ದಿನ ಮುಖಕ್ಕೆ ಎರಚುತ್ತಿರುತ್ತದೆ. ಕತ್ತಲಲ್ಲಿ ಕೆಲಸಕ್ಕೆ ಹೊರಟು ಕತ್ತಲಲ್ಲೇ ಮನೆಗೆ ಮರಳುತ್ತಿದ್ದೆ.

ಜೂನ್‌ನಲ್ಲಿ ಡಾಟ್ ಆಂಟಿ ವಾರ್ಡಿಗೆ ಬಂದರು. ಹೆಸರು ಡೊರಥಿ. ಎಲ್ಲರಿಗೂ ಬರೀ ಡಾಟ್. ತೊಂಬತ್ತು ದಾಟಿದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳುತ್ತಿರಲಿಲ್ಲ, ಅದಕ್ಕೆ ಆಂಟಿ ಸೇರಿಸಿದೆ. ‘ನಾನು ಯಾವಾಗ ನಿನ್ನ ಆಂಟಿ ಆದೆ?’ ಎಂದು ಹುಬ್ಬೇರಿಸಿದರು. ಮರುದಿನ ನಾನು ಮರೆತು ಬರೀ ಡಾಟ್ ಎಂದಾಗ, ‘ಆಂಟಿ ಎಲ್ಲಿ ಹೋಯಿತು?’ ಎಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು. ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಉಳಿದಿದೆ.

ಹಿತ್ತಲಲ್ಲಿ ಬಟ್ಟೆ ಒಣಹಾಕಲು ಹೋಗಿ ಪಾಚಿ ಕಟ್ಟಿದ ಇಟ್ಟಿಗೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿತ್ತು. ಹೃದಯವೂ ಅಷ್ಟಕ್ಕಷ್ಟೇ. ಆ ವಯಸ್ಸಿನ ಹೆಚ್ಚಿನವರು ನಾನು ಬಾಗಿಲಲ್ಲಿ ಕಾಣಿಸಿದರೆ ಸಾಕು, ‘ಇವತ್ತು ಬೇಡಮ್ಮ, ನಾಳೆ’ ಎಂದು ಗೋಡೆಯ ಕಡೆ ತಿರುಗುತ್ತಾರೆ. ಡಾಟ್ ಆಂಟಿ ಮೊದಲ ದಿನವೇ ಕೇಳಿದರು:

‘ಆಗಸ್ಟ್ ಕೊನೆಗೆ ನಾನು ನಿಲ್ಲಬೇಕು. ಆಗುತ್ತಾ?’

‘ನಡೆಯುವುದಕ್ಕೇ ಪ್ರಯತ್ನ ಮಾಡೋಣ, ಆಂಟಿ.’

‘ನಡೆಯೋದು ಆಮೇಲೆ. ನಿಂತುಕೊಂಡು ನಾಲ್ಕು ಮಾತು ಆಡುವಷ್ಟಾದರೆ ಸಾಕು.’

ಕಾರಣ ಅವರ ಮಗ ಗ್ರೆಗ್‌ನಿಂದ ತಿಳಿಯಿತು. ಅರವತ್ತರ ಆಸುಪಾಸಿನ ಪ್ಲಂಬರ್, ದೊಡ್ಡ ದನಿಯ ಮನುಷ್ಯ, ವಾರ್ಡಿಗೆ ಬಂದರೆ ಮೂರು ಹಾಸಿಗೆ ಆಚೆಗೂ ಗೊತ್ತಾಗುತ್ತಿತ್ತು. ಡಾಟ್ ಆಂಟಿಯ ತಂದೆ ಆರ್ಥರ್ ಜಿಮ್ನಾಸ್ಟ್. ಬಹಳ ಹಿಂದೆ, ಮೊದಲ ಮಹಾಯುದ್ಧಕ್ಕೂ ಮುಂಚೆ, ಬ್ರಿಟನ್ನಿನ ತಂಡದ ಜೊತೆ ಒಲಿಂಪಿಕ್ಸ್‌ಗೆ ಹೋಗಿದ್ದವರು. ಆಮೇಲೆ ಮೆಲ್ಬರ್ನ್‌ಗೆ ಬಂದು, ಹತ್ತಿರದ ಸಬರ್ಬಿನ ಒಂದು ಹಾಲ್‌ನಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸಿದರು. ಆ ಹಾಲ್ ಆಗಷ್ಟೇ ರಿಪೇರಿಯಾಗಿತ್ತು. ಗ್ರೆಗ್ ಅದರ ಪೈಪು ಕೆಲಸವನ್ನೆಲ್ಲ ಪುಕ್ಕಟೆ ಮಾಡಿಕೊಟ್ಟು, ಕ್ಲಬ್ಬಿನವರ ಬೆನ್ನು ಹತ್ತಿ, ಆಗಸ್ಟ್ ಕೊನೆಗೆ ಅಜ್ಜನ ಹೆಸರಿನ ಹಿತ್ತಾಳೆ ಫಲಕವೊಂದನ್ನು ಹಾಕಿಸುತ್ತಿದ್ದ. ‘ಒಲಿಂಪಿಯನ್ ಅಂತ ಬರೆಸಿದ್ದೇನೆ. ಅಮ್ಮ ನಿಂತು ಪರದೆ ಎಳೀಬೇಕು. ನೀವೇ ನಿಲ್ಲಿಸಿಕೊಡಬೇಕು’ ಎಂದ. ಕಣ್ಣಲ್ಲಿ ನೀರಿತ್ತು.

ಹಾಗಾಗಿ ನಾನೂ ಹುರುಪಿನಿಂದ ಶುರುಮಾಡಿದೆ. ಹಾಸಿಗೆಯಲ್ಲಿ ಹಿಮ್ಮಡಿ ಜಾರಿಸುವುದು, ಆಮೇಲೆ ಅಂಚಿನಲ್ಲಿ ಕೂರುವುದು, ಆಮೇಲೆ ಆಸರೆಗೆ ನಾಲ್ಕು ಕಾಲಿನ ಫ್ರೇಮ್ ಹಿಡಿದು ಏಳುವುದು. ನೋವು ಮರೆಸಲು ಮಾತಾಡಿಸುತ್ತಿದ್ದೆ. ಹಾಗೆ ತುಂಡುತುಂಡಾಗಿ, ಏದುಸಿರಿನ ನಡುವೆ, ಆರ್ಥರ್‌ನ ಕತೆ ನನಗೆ ಸಿಕ್ಕಿತು.

ಅವನದು ಇಂಗ್ಲೆಂಡಿನ ನಡುಭಾಗದ ಒಂದು ಕಬ್ಬಿಣದ ಊರು. ಓದುವ ವಯಸ್ಸಿನಲ್ಲೇ ಸರಪಳಿ ಮಾಡುವ ಕಾರ್ಖಾನೆ ಸೇರಿದ. ಪಕ್ಕದ ಮನೆಯ ನೆಡ್ ಕೂಡ ಅದೇ ಕುಲುಮೆಯಲ್ಲಿ. ಹಗಲೆಲ್ಲ ಸುತ್ತಿಗೆ ಹೊಡೆದು ಸಂಜೆ ಇಬ್ಬರೂ ಕೆಲಸಗಾರರ ಸಂಘದ ಹಾಲ್‌ಗೆ ಹೋಗುತ್ತಿದ್ದರು. ಅಡ್ಡಕಂಬಿ, ಜೋಡಿಕಂಬಿ, ತೂಗುವ ಬಳೆಗಳು. ಕೆಳಗೆ ಹಾಸಿದ್ದು ತೆಂಗಿನ ನಾರಿನ ಚಾಪೆ, ಬಿದ್ದರೆ ಚರ್ಮ ಕಿತ್ತು ಬರುತ್ತಿತ್ತು. ಕುಲುಮೆಯಲ್ಲಿ ಸುಟ್ಟ ಅಂಗೈಯಿಂದಲೇ ಕಂಬಿ ಹಿಡಿಯಬೇಕು. ನೆಡ್ ಕಂಬಿ ಹಿಡಿದರೆ ನೋಡುವವರು ಉಸಿರು ಬಿಗಿಹಿಡಿಯುತ್ತಿದ್ದರಂತೆ. ಆರ್ಥರ್ ಅಷ್ಟು ಚೆಂದವಲ್ಲ, ಆದರೆ ಎಂದೂ ತಪ್ಪುತ್ತಿರಲಿಲ್ಲ. ಊರಿನ ಪಂದ್ಯ, ಜಿಲ್ಲೆಯ ಪಂದ್ಯ, ಕೊನೆಗೆ ದೇಶದ ತಂಡದ ಆಯ್ಕೆ. ಇಬ್ಬರೂ ಆಯ್ಕೆಯಾದರು. ಸರಪಳಿ ಮಾಡುವವರ ಬೀದಿಯಲ್ಲಿ ಆವತ್ತು ಹಬ್ಬ.

‘ಆಗೆಲ್ಲ ಬಯಲಲ್ಲಿ, ಹುಲ್ಲಿನ ಮೇಲೆ ಆಡುತ್ತಿದ್ದರು. ಎಲ್ಲರಿಗೂ ಬಿಳಿ ಉದ್ದ ಪ್ಯಾಂಟು. ಇಡೀ ತಂಡ ಒಟ್ಟಿಗೆ ಒಂದೇ ಥರ ಮಾಡಬೇಕು’ ಎಂದು ಡಾಟ್ ಆಂಟಿ ಒಂದು ದಿನ ಹೇಳುತ್ತಿದ್ದರು. ಜೋಡಿಕಂಬಿಗಳ ನಡುವೆ ನಿಲ್ಲಿಸಿದ್ದೆ, ನಾವು ನಡಿಗೆ ಕಲಿಸುವ ಆಸ್ಪತ್ರೆಯ ಕಂಬಿಗಳು. ‘ಕ್ಯಾಪ್ಟನ್ ಹೆಸರು ಓದಿದನಂತೆ. ನೆಡ್‌ನ ಹೆಸರು ಕರೆದ. ನನ್ನ ಅಪ್ಪನ ಹೆಸರು ಕರೆಯಲಿಲ್ಲ.’

‘ಅಂದರೆ?’

‘ಅಂದರೆ ಅಪ್ಪ ರಿಸರ್ವ್. ಯಾರಿಗಾದರೂ ಏಟಾದರೆ ಒಳಗೆ ಹೋಗುವವನು. ಯಾರಿಗೂ ಏಟಾಗಲಿಲ್ಲ. ಹುಲ್ಲಿನ ಅಂಚಿನಲ್ಲಿ ನೆಡ್‌ನ ಕೋಟು ಹಿಡಿದುಕೊಂಡು ನಿಂತಿದ್ದ, ಅಷ್ಟೇ. ಅವನು ಒಲಿಂಪಿಕ್ಸ್‌ನಲ್ಲಿ ಆಡಲೇ ಇಲ್ಲ, ಶುಭಾ.’

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ನೀರು ಕುಡಿದು ಮುಂದುವರಿಸಿದರು. ಕೈಯಲ್ಲಿ ಬಿಳಿ ಪುಡಿ ಹಚ್ಚಿಕೊಂಡು, ಪೂರ್ತಿ ತಯಾರಾಗಿ ನಿಂತಿದ್ದ ಆರ್ಥರ್ ಆವತ್ತು ದೇವರಲ್ಲಿ ಒಂದು ಬೇಡಿಕೆ ಇಟ್ಟನಂತೆ. ಯಾರಾದರೂ ಒಬ್ಬನ ಕಾಲು ಉಳುಕಲಿ. ‘ಯಾರಾದರೂ ಅನ್ನೋದು ಬಾಯಿಮಾತು. ಮನಸ್ಸಿನಲ್ಲಿದ್ದವನು ನೆಡ್. ಯಾಕೆಂದರೆ ನೆಡ್ ಮಾಡುವುದನ್ನೆಲ್ಲ ಅವನ ಬದಲು ಮಾಡಲು ಕಲಿತವನು ಅಪ್ಪ. ನನಗೆ ಇದನ್ನು ಹೇಳುವಾಗ ಅವನಿಗೆ ಎಂಬತ್ತು. ಮಗುವಿನ ಹಾಗೆ ಅಳುತ್ತಿದ್ದ.’

ಅದಾದ ಸ್ವಲ್ಪ ಕಾಲಕ್ಕೆ ಯುದ್ಧ ಬಂತು. ಇಬ್ಬರೂ ಹೋದರು. ನೆಡ್ ಮರಳಲಿಲ್ಲ. ಆರ್ಥರ್ ಬಲಗೈಯ ಎರಡು ಬೆರಳು ಕಳೆದುಕೊಂಡು ಮರಳಿದ. ಅಲ್ಲಿಗೆ ಅವನ ಕಂಬಿಯೂ ಮುಗಿಯಿತು. ಮನೆಯಿಂದ ಹೊರಗೆ ಕಾಲಿಟ್ಟರೆ ನೆಡ್‌ನ ತಾಯಿ ಬಾಗಿಲಲ್ಲಿ ಕೂತಿರುತ್ತಿದ್ದಳು. ಅವಳು ಏನೂ ಅನ್ನುತ್ತಿರಲಿಲ್ಲ, ಬಾ, ಟೀ ಕುಡಿ ಎನ್ನುತ್ತಿದ್ದಳು. ಅದನ್ನು ತಾಳಲಾರದೆ ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದ. ಹಗಲು ಟ್ರಾಮ್ ವರ್ಕ್‌ಶಾಪಿನಲ್ಲಿ ಕೆಲಸ. ತಡವಾಗಿ ಮದುವೆಯಾದ, ಒಬ್ಬಳೇ ಮಗಳು. ಕೆಲವು ವರ್ಷಗಳ ಮೇಲೆ ಆ ಹಾಲ್ ಕೇಳಿ ಪಡೆದು ಒಂದು ಅಡ್ಡಕಂಬಿ ನಿಲ್ಲಿಸಿದ. ಮುಪ್ಪು ಬರುವವರೆಗೂ ಸಂಜೆಗಳನ್ನೆಲ್ಲ ಆ ಕಂಬಿಯ ಕೆಳಗೆ ಕಳೆದ. ಮಕ್ಕಳು ಮೇಲೆ ಸುತ್ತುತ್ತಿದ್ದರೆ ಇವನು ಕೆಳಗೆ ಕೈ ಎತ್ತಿ ನಿಂತಿರುತ್ತಿದ್ದ, ಜಾರಿದವರನ್ನು ಹಿಡಿಯಲು.

‘ಒಲಿಂಪಿಯನ್ ಅಂತ ಜನ ಹೇಗೆ ಅಂದುಕೊಂಡರು?’

‘ಹೋಗಿದ್ದ ಅಂತ ಗೊತ್ತಿತ್ತಲ್ಲ. ಇಲ್ಲ, ನಾನು ಆಡಲಿಲ್ಲ ಅಂತ ಅವನು ಪ್ರತಿ ಸಲ ಹೇಳುತ್ತಿದ್ದ. ಎಂಥ ವಿನಯ ಅಂದರು. ಹೇಳಿದಷ್ಟೂ ಅವನ ಗೌರವ ಜಾಸ್ತಿಯಾಯಿತು. ಅದೇ ಅವನನ್ನು ತಿಂದುಹಾಕಿತು.’ ಕಂಬಿಯನ್ನು ಮತ್ತೆ ಹಿಡಿದು, ಏಳಿಸು ಎಂಬಂತೆ ನನ್ನ ಕಡೆ ನೋಡಿದರು. ‘ಸಾಯುವಾಗ ಒಂದೇ ಮಾತು ಹೇಳಿದ. ನನ್ನನ್ನು ನೆಡ್‌ನ ಜಾಗದಲ್ಲಿ ನಿಲ್ಲಿಸಬೇಡಿ ಅಂತ. ಫಲಕದ ದಿನ ನಾನು ನಿಂತು ಹೇಳಬೇಕಾದ್ದು ಅದನ್ನೇ. ಕೂತು ಹೇಳಿದರೆ ಪಾಪ, ಮುದುಕಿಗೆ ಮರೆವು ಅಂದುಬಿಡುತ್ತಾರೆ.’

ಗ್ರೆಗ್‌ಗೆ ಅವರು ಇದನ್ನು ಹೇಳಿದ್ದು ಜುಲೈ ಕೊನೆಯಲ್ಲಿ. ಅವನಿಗೆ ಅದುವರೆಗೂ ಗೊತ್ತಿರಲಿಲ್ಲ. ಅಜ್ಜ ತೀರಿಕೊಂಡಾಗ ಅವನು ಚಿಕ್ಕವನು. ಆವತ್ತು ವಾರ್ಡಿನಿಂದ ಅವನ ದೊಡ್ಡ ದನಿ ಕೇಳಿಸಲಿಲ್ಲ. ಕಾರಿಡಾರಿನಲ್ಲಿ, ಕಾಫಿ ಮೆಷಿನ್ನಿನ ಹತ್ತಿರ ನನಗಾಗಿ ಕಾದಿದ್ದ.

‘ಅಮ್ಮ ಅಷ್ಟು ಹೊತ್ತು ಹೊರಗೆ ಇರೋಕೆ ಆಗಲ್ಲ ಅಂತ ಡಾಕ್ಟರಿಗೆ ಹೇಳಿ. ನೀವೊಂದು ಮಾತು ಹೇಳಿದರೆ ಸಾಕು. ಸುಳ್ಳೂ ಅಲ್ಲ, ಅವರ ಹೃದಯದ ಸ್ಥಿತಿ ನಿಮಗೇ ಗೊತ್ತು.’

ನಾನು ಕೈಯಲ್ಲಿದ್ದ ಫೈಲು ಮುಚ್ಚಿದೆ.

‘ನಾನು ಇದಕ್ಕೆ ಎಷ್ಟು ಓಡಾಡಿದ್ದೇನೆ ಗೊತ್ತಾ? ಕ್ಲಬ್ಬಿನ ಮಕ್ಕಳು ಬರುತ್ತಾರೆ. ಅಷ್ಟು ಜನರ ಎದುರಿಗೆ ಸ್ವಂತ ಅಪ್ಪನ ಹೆಸರನ್ನು ಅಳಿಸಲಿಕ್ಕೆ ಅಮ್ಮ ಅಲ್ಲಿಗೆ ಹೋಗಬೇಕಾ? ಸತ್ತವರಿಗೆ ಇದರಿಂದ ಏನು ನಷ್ಟ?’ ಅವನು ಕೆಟ್ಟ ಮನುಷ್ಯನಲ್ಲ. ಅವನಿಗೆ ಹೆಮ್ಮೆಪಡಲು ಇದ್ದದ್ದು ಆ ಅಜ್ಜ ಒಬ್ಬನೇ ಇರಬೇಕು ಎಂದು ನನಗನಿಸಿತು.

ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಅವನು ಹೇಳಿದ್ದು ಸುಳ್ಳಾಗಿದ್ದರೆ ಸುಲಭವಿತ್ತು. ಹೃದಯ ನಿಜಕ್ಕೂ ನಂಬುವಂತಿರಲಿಲ್ಲ. ಹಾಲ್‌ನಲ್ಲಿ ಏನಾದರೂ ಆಗಿಬಿಟ್ಟರೆ ಹೊಣೆ ಯಾರದು? ಪ್ರಸನ್ನ ಫೋನಿನಲ್ಲಿ, ‘ನೋಡು, ನಿನ್ ಪ್ರೊಬೇಷನ್ ಇನ್ನೂ ಮುಗಿದಿಲ್ಲ. ಬೇರೆಯವರ ಫ್ಯಾಮಿಲಿ ಮ್ಯಾಟರ್ ಯಾಕ್ ತಲೆ ಮೇಲ್ ಎಳ್ಕೋತೀಯ? ರಿಸ್ಕ್ ಇದೆ ಅಂದ್ಬಿಡು, ಮುಗೀತು’ ಎಂದ. ಮಂಗಳೂರಿನ ಫ್ಲೇವಿ ನಮ್ಮ ವಾರ್ಡಿನ ನರ್ಸ್, ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅವಳಿಗೂ ಹೇಳಿಕೊಂಡೆ.

‘ಎಂತ ಮಾರಾಯ್ತಿ ನೀನು’ ಎಂದಳು ಫ್ಲೇವಿ. ‘ಸತ್ಯ ಹೇಳ್ಬೇಕಾ ಬೇಡ್ವಾ ಅನ್ನೋದು ಅಜ್ಜಿಯ ತಲೆಬಿಸಿ. ನಿನ್ನ ಹತ್ರ ಕೇಳುದು ಕಾಲಿನ ವಿಷಯ ಮಾತ್ರ ಅಲ್ವಾ? ಕಾಲು ನಿಲ್ತದಾ ಇಲ್ವಾ, ಅಷ್ಟು ಹೇಳು.’

ನಿಲ್ಲುತ್ತಿತ್ತು. ಡಾಕ್ಟರ್ ಕೇಳಿದಾಗ ನಾನು ಕಂಡದ್ದನ್ನೇ ಹೇಳಿದೆ: ಫ್ರೇಮ್ ಹಿಡಿದು ಕೆಲವು ನಿಮಿಷ ನಿಲ್ಲಬಲ್ಲರು, ಹಿಂದೆ ಒಬ್ಬರು ಇರಬೇಕು. ಹೃದಯದ ಭಯ ಇದ್ದೇ ಇದೆ, ಅದು ಹಾಸಿಗೆಯಲ್ಲಿ ಮಲಗಿದ್ದರೂ ಇದೆ. ಡಾಕ್ಟರ್ ಡಾಟ್ ಆಂಟಿಯನ್ನು ಮಾತಾಡಿಸಿ, ಹೊರಗೆ ಹೋಗಿಬರಲು ಅರ್ಧ ದಿನದ ರಜೆ ಕೊಟ್ಟರು. ಹಿಂದೆ ನಿಲ್ಲುವ ಒಬ್ಬರು ನಾನೇ ಎಂದು ಡಾಟ್ ಆಂಟಿ ಯಾರನ್ನೂ ಕೇಳದೆ ತೀರ್ಮಾನಿಸಿಬಿಟ್ಟಿದ್ದರು.

ಸಮಾರಂಭವಿದ್ದ ಭಾನುವಾರ ನನಗೆ ರಜೆ. ಅನನ್ಯಳನ್ನು ಫ್ಲೇವಿಯ ಮನೆಯಲ್ಲಿ ಬಿಟ್ಟೆ. ‘ಬೇಗ ಬರ್ತೀನಿ ಪುಟ್ಟಾ’ ಎಂದರೆ, ‘ಯು ಆಲ್ವೇಸ್ ಸೇ ದಟ್’ ಎಂದು ಮುಖ ತಿರುಗಿಸಿದಳು. ಗ್ರೆಗ್ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ನನಗೆ ಗುಡ್ ಮಾರ್ನಿಂಗ್ ಹೇಳಲಿಲ್ಲ. ಆದರೆ ಅಮ್ಮನ ಕಾಲಿನ ಮೇಲೆ ಕಂಬಳಿ ಸರಿಯಾಗಿ ಹೊದಿಸಿದ.

ಹಾಲ್ ಹೊರಗಿನಿಂದ ಚರ್ಚಿನಂತಿತ್ತು. ಒಳಗೆ ಹೊಸ ಬಣ್ಣದ ವಾಸನೆ, ಅದರ ಕೆಳಗೆ ಆ ಬಿಳಿ ಪುಡಿಯ ವಾಸನೆ. ಮಡಚುವ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು, ನೆಲದ ಮೇಲೆ ಕ್ಲಬ್ಬಿನ ಮಕ್ಕಳು, ಮುಂದಿನ ಸಾಲಿನಲ್ಲಿ ಆರ್ಥರ್‌ನ ಕಾಲದ ಶಿಷ್ಯರು, ಈಗ ಅವರೂ ಮುದುಕರೇ. ಗೋಡೆಯ ಮೇಲೆ ನೀಲಿ ಬಟ್ಟೆ ಮುಚ್ಚಿದ ಫಲಕ. ಕ್ಲಬ್ಬಿನ ಅಧ್ಯಕ್ಷೆ ಚಿಕ್ಕ ವಯಸ್ಸಿನ ಹೆಂಗಸು. ನಮ್ಮ ನಡುವೆ ಬಾಳಿದ ಒಲಿಂಪಿಯನ್ ಎಂದೆಲ್ಲ ಮಾತಾಡಿ, ಪರದೆಯ ದಾರವನ್ನು ಡಾಟ್ ಆಂಟಿಯ ಕೈಗೆ ಕೊಡಲು ಬಂದರು.

ಡಾಟ್ ಆಂಟಿ ದಾರ ತೆಗೆದುಕೊಳ್ಳಲಿಲ್ಲ. ಫ್ರೇಮ್ ಹಿಡಿದರು. ನಾವು ಅಭ್ಯಾಸ ಮಾಡಿದಂತೆಯೇ ಮೂಗು ಮುಂದೆ, ಹಿಮ್ಮಡಿ ಹಿಂದೆ. ಎದ್ದು ನಿಂತರು. ನಾನು ಬೆನ್ನಿಗೆ ಮುಟ್ಟದಷ್ಟು ಹತ್ತಿರದಲ್ಲಿ ಕೈ ಚಾಚಿದೆ.

‘ನನ್ನ ಅಪ್ಪ ಒಲಿಂಪಿಕ್ಸ್‌ಗೆ ಹೋಗಿದ್ದ’ ಎಂದರು. ದನಿ ಸಣ್ಣದು, ಹಾಲ್ ನಿಶ್ಶಬ್ದವಾಗಿದ್ದರಿಂದ ಎಲ್ಲರಿಗೂ ಕೇಳಿಸಿತು. ‘ಆದರೆ ಆಡಲಿಲ್ಲ. ರಿಸರ್ವ್ ಆಗಿದ್ದ. ಆಡಿದವನು ಅವನ ಗೆಳೆಯ ನೆಡ್. ನೆಡ್ ಯುದ್ಧದಲ್ಲಿ ಸತ್ತ, ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ, ಅವನಿಗಾಗಿ ಫಲಕ ಹಾಕಿಸುವವರು ಯಾರೂ ಇಲ್ಲ. ಅಪ್ಪ ನಿಮಗೆಲ್ಲ ಇದನ್ನು ಹೇಳಿದ್ದ. ನೀವು ಕೇಳಿಸಿಕೊಳ್ಳಲಿಲ್ಲ. ದಯವಿಟ್ಟು ಈಗ ಕೇಳಿಸಿಕೊಳ್ಳಿ.’

ಇನ್ನೂ ಏನೋ ಹೇಳಲು ಬಾಯಿ ತೆರೆದರು. ಮಂಡಿ ಸಡಿಲವಾದದ್ದು ನನಗೆ ಗೊತ್ತಾಯಿತು. ಹಿಡಿದು ಕೂರಿಸಿದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷೆ ದಾರ ಹಿಡಿದುಕೊಂಡೇ ನಿಂತಿದ್ದರು, ಎಳೆಯಬೇಕೋ ಬಿಡಬೇಕೋ ತಿಳಿಯದೆ. ಹಿಂದೆ ಯಾರೋ ಕೆಮ್ಮಿದರು. ಮುಂದಿನ ಸಾಲಿನ ಒಬ್ಬ ಮುದುಕರು ಕೋಲೂರಿ ಎದ್ದು ಬಂದು ಡಾಟ್ ಆಂಟಿಯ ಕೈ ಹಿಡಿದರು. ‘ಹೇಳುತ್ತಿದ್ದರು, ಡಾಟ್. ಪ್ರತಿ ಸಲ ಹೇಳುತ್ತಿದ್ದರು. ನಾವು ನಕ್ಕುಬಿಡುತ್ತಿದ್ದೆವು’ ಎಂದರು. ನಂತರ ಟೀ ಆಯಿತು. ಕೇಕ್ ತಿನ್ನುವಾಗ ಜನ ಹವಾಮಾನದ ಮಾತಾಡಿದರು. ನೀಲಿ ಬಟ್ಟೆ ಹಾಗೇ ಇತ್ತು.

ವಾಪಸು ಬರುವಾಗ ಕಾರಿನ ಗಾಜಿನ ಮೇಲೆ ಮಳೆ ಎರಚುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ. ಎಷ್ಟೋ ಹೊತ್ತಿನ ಮೇಲೆ ಡಾಟ್ ಆಂಟಿ, ‘ನಾನು ಸರಿ ಮಾಡಿದೆನಾ?’ ಎಂದರು. ಯಾರನ್ನು ಕೇಳಿದರೋ ತಿಳಿಯಲಿಲ್ಲ.

ಗ್ರೆಗ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ: ‘ಶಾಲೆಗೆ ಹೋಗುವಾಗಿನಿಂದ ನಮ್ಮಜ್ಜ ಒಲಿಂಪಿಯನ್ ಅಂತ ಹೇಳಿಕೊಂಡು ಬಂದಿದ್ದೇನೆ. ನಾಳೆಯಿಂದ ಏನಂತ ಹೇಳಲಿ, ಅಮ್ಮ?’

‘ಹೋಗಿದ್ದ ಅಂತ ಹೇಳು. ಹೆಸರು ಕರೆಯಲಿಲ್ಲ ಅಂತ ಹೇಳು. ಆಮೇಲೂ ಊರಿಗೆ ಬಂದು, ಸೋಮವಾರ ಅದೇ ಕಂಬಿ ಹತ್ತಿದ ಅಂತ ಹೇಳು.’

ಗ್ರೆಗ್ ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಲ್ಲಿಸಿ, ಅಮ್ಮನನ್ನು ವೀಲ್‌ಚೇರಿಗೆ ಇಳಿಸಿ, ಪಾರ್ಕ್ ಮಾಡಿ ಬರುತ್ತೇನೆ ಎಂದು ಹೋದವನು ಬರಲಿಲ್ಲ.

ಎರಡು ವಾರ ಅವನ ಸುಳಿವಿರಲಿಲ್ಲ. ಹಾಲ್‌ಗೆ ಹೋಗಿಬಂದ ಮೇಲೆ ಡಾಟ್ ಆಂಟಿ ಮೆತ್ತಗಾದರು. ಏಳಿಸಲು ಹೋದರೆ, ‘ಇವತ್ತು ಬೇಡಮ್ಮ’ ಎಂದು ಅವರೂ ಗೋಡೆಯ ಕಡೆ ತಿರುಗತೊಡಗಿದರು. ಒಂದು ದಿನ, ‘ಅಪ್ಪನ ಹತ್ತಿರ ಇದ್ದ ಒಂದನ್ನೂ ಕಿತ್ತುಕೊಂಡೆ. ಈಗ ಅವನಿಗೆ ಏನು ಉಳಿಯಿತು?’ ಎಂದು ಕೇಳಿದರು. ಮತ್ತೊಂದು ದಿನ ಹಾಸಿಗೆಯ ಪಕ್ಕ ಗ್ರೆಗ್ ಕೂತಿದ್ದ. ಸೇಬು ಸಣ್ಣಗೆ ಹೆಚ್ಚಿ ತಿನ್ನಿಸುತ್ತಿದ್ದ. ನಾನು ಆ ಹೊತ್ತಿನ ಅಭ್ಯಾಸವನ್ನು ಬಿಟ್ಟು ಬೇರೆ ಹಾಸಿಗೆಗೆ ಹೋದೆ.

ಡಾಟ್ ಆಂಟಿ ಮನೆಗೆ ಮರಳಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವರನ್ನು ಏಜ್ಡ್ ಕೇರ್ ಎಂಬ ವೃದ್ಧರ ಆರೈಕೆ ಕೇಂದ್ರಕ್ಕೆ ಕಳಿಸಿದರು. ಹೋಗುವಾಗ ನನ್ನ ಕೆನ್ನೆ ತಟ್ಟಿ, ‘ನಿಂತೆವಲ್ಲ’ ಎಂದರು. ಮರಗಳಲ್ಲಿ ಹೊಸ ಎಲೆ ಬರುವ ಹೊತ್ತಿಗೆ, ಒಂದು ಬೆಳಿಗ್ಗೆ ತಿಂಡಿ ತಿಂದು ಕುರ್ಚಿಯಲ್ಲಿ ಕೂತಲ್ಲೇ ಹೋದರು. ಫೋನ್ ಮಾಡಿ ತಿಳಿಸಿದವನು ಗ್ರೆಗ್. ‘ಅಂತ್ಯಕ್ರಿಯೆಗೆ ನೀವು ಬಂದರೆ ಅಮ್ಮನಿಗೆ ಇಷ್ಟವಾಗುತ್ತಿತ್ತು’ ಎಂದ.

ಫ್ಲೇವಿಯೂ ನಾನೂ ಹೋದೆವು. ಚಿಕ್ಕ ಚಾಪೆಲ್, ಹೆಚ್ಚು ಜನರಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷೆ ಬಂದಿದ್ದರು, ಕೋಲಿನ ಮುದುಕರು ಬಂದಿದ್ದರು. ಫಲಕದ ವಿಷಯ ಏನಾಯಿತೆಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಗ್ರೆಗ್ ಸೂಟು ಹಾಕಿಕೊಂಡಿದ್ದ, ಅದು ಭುಜದಲ್ಲಿ ಬಿಗಿಯಾಗಿತ್ತು. ಅಮ್ಮನ ಬಗ್ಗೆ ಮಾತಾಡಲು ಎದ್ದು ಬಂದ.

‘ನಮ್ಮಮ್ಮ ಡೊರಥಿ. ಒಬ್ಬ ಜಿಮ್ನಾಸ್ಟ್‌ನ ಒಬ್ಬಳೇ ಮಗಳು. ನಮ್ಮಜ್ಜ ಒಲಿಂಪಿಕ್ಸ್‌ಗೆ ಹೋಗಿದ್ದ, ರಿಸರ್ವ್ ಆಗಿ’ ಎಂದ, ಆ ಚಿಕ್ಕ ಚಾಪೆಲಿನ ಕೊನೆಯ ಸಾಲಿಗೂ ಕೇಳಿಸುವಂತೆ, ತನ್ನ ಅದೇ ದೊಡ್ಡ ದನಿಯಲ್ಲಿ.